ಇನ್ನು ಸ್ವಲ್ಪ ದಿನ ತಡ್ಕೊಳ್ಳಿ

ಬೆಂಗಳೂರಿನಲ್ಲಿ ರಸ್ತೆಯ ಬಗ್ಗೆ ಬಾಯಿ ಬಿಟ್ಟವನಿಗೆ ಸಿಗುವ ಉತ್ತರ ಒಂದೇ: ಅಭಿವೃದ್ಧಿ ಆಗಬೇಕು ಅಂದರೆ ಸ್ವಲ್ಪ ತಡೆದುಕೊಳ್ಳಬೇಕು. ಮಂತ್ರಿಗಳು ಹೇಳುತ್ತಾರೆ, ಎಂಜಿನಿಯರುಗಳು ಹೇಳುತ್ತಾರೆ, ಟಿವಿ ಚರ್ಚೆಗೆ ಕೂತವರು ಹೇಳುತ್ತಾರೆ. ಅವರು ಹೇಳುವುದರಲ್ಲಿ ಆಶ್ಚರ್ಯವೇನಿಲ್ಲ. ನನ್ನ ತಲೆ ಕೆಡುವುದು ಧೂಳು ಕುಡಿದು ಕೆಮ್ಮುತ್ತ ಬಸ್ಸಿಗೆ ಕಾಯುವವರೂ ಅದನ್ನೇ ಒಪ್ಪಿಸುವಾಗ. "ಏನ್ ಮಾಡೋದು ಸಾರ್, ಸಿಟಿ ಬೆಳೀಬೇಕಲ್ವಾ? ನಾವೂ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು." ಇದಕ್ಕೆ ಎದುರಾಡಿದರೆ ಅಭಿವೃದ್ಧಿ ವಿರೋಧಿ ಎಂಬ ಬಿರುದು ತಯಾರಿರುತ್ತದೆ. ಕೇಳಲು ಬಹಳ ಸಭ್ಯವಾದ ಮಾತು ಇದು. ದೊಡ್ಡ ಮನಸ್ಸಿನವರು ಆಡುವಂಥದ್ದು. ಆದರೆ ಪೊಳ್ಳು. ತಡೆದುಕೊಂಡ ಮೇಲೆ ಸಿಗಬೇಕಾದದ್ದು ಸಿಕ್ಕಿಲ್ಲ. ತಡೆದುಕೊಳ್ಳುವವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು. ಒಂದು ಕಾಮಗಾರಿ ಮುಗಿಯುವ ಹೊತ್ತಿಗೆ ಅದೇ ಮುಂದಿನ ಕಾಮಗಾರಿಗೆ ಕಾರಣವಾಗಿ ನಿಂತಿರುತ್ತದೆ.

ಹೆಬ್ಬಾಳವನ್ನೇ ತೆಗೆದುಕೊಳ್ಳಿ. ಅಲ್ಲಿಯ ಮೇಲ್ಸೇತುವೆ 2003ರಲ್ಲಿ ಬಳಕೆಗೆ ಬಂದಾಗ ಊರಿನ ಉತ್ತರದ ಬಾಗಿಲು ತೆರೆಯಿತು ಎಂದುಕೊಂಡೆವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು, ಬಳ್ಳಾರಿ ರಸ್ತೆ ಕಟ್ಟಿಕೊಂಡಿತು. ಅದಕ್ಕೆ ಮದ್ದಾಗಿ ಹೆಬ್ಬಾಳದಿಂದಾಚೆಗೆ ಕಂಬಗಳ ಮೇಲೆ ಎಕ್ಸ್‌ಪ್ರೆಸ್‌ವೇ ಎದ್ದಿತು. 2014ರಲ್ಲಿ ಓಡಾಟಕ್ಕೆ ಬಿಟ್ಟರು. ಅಂದಿನಿಂದ ವಿಮಾನ ನಿಲ್ದಾಣದ ಕಡೆಯಿಂದ ಬರುವ ಕಾರು ಹೆಬ್ಬಾಳದವರೆಗೆ ಹಾರಿ ಬರುತ್ತದೆ. ಬಂದು, ಮೇಲಿನ ರಸ್ತೆಯವರೂ ಕೆಳಗಿನ ರಸ್ತೆಯವರೂ ಒಟ್ಟಿಗೆ ನುಗ್ಗುವ ಹಳೆಯ ಸೇತುವೆಯ ಬಾಯಲ್ಲಿ ನಿಂತುಬಿಡುತ್ತದೆ. ಮೇಲೆ ಉಳಿಸಿದ ಹತ್ತು ನಿಮಿಷವನ್ನು ಕೆಳಗೆ ಬಡ್ಡಿ ಸಮೇತ ಕಟ್ಟುವ ಏರ್ಪಾಡು.

ಆಗ ಹೊಳೆದದ್ದು ಉಕ್ಕಿನ ಸೇತುವೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, ಅದಕ್ಕಾಗಿ 812 ಮರಗಳ ಬಲಿ. 2016ರ ಅಕ್ಟೋಬರ್ 16ರಂದು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 'ಸ್ಟೀಲ್ ಫ್ಲೈಓವರ್ ಬೇಡ' ಎಂಬ ಕೂಗು ಕನ್ನಡ ಬಾರದವರ ಬಾಯಲ್ಲೂ ಹೊರಟದ್ದು ಆಗಲೇ. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅಂದು ಕಟ್ಟಲು ಬಿಟ್ಟಿದ್ದರೆ ಇಂದು ಈ ಗತಿ ಬರುತ್ತಿರಲಿಲ್ಲ ಎಂದು ಹಲುಬುವವರು ಈಗಲೂ ಇದ್ದಾರೆ. ಅವರಿಗೊಂದು ಪ್ರಶ್ನೆ. ಉಕ್ಕಿನ ಸೇತುವೆಯ ಮೇಲೆ ಹಾರಿ ಬಂದ ಕಾರುಗಳು ಚಾಲುಕ್ಯ ಹೋಟೆಲಿನ ಎದುರು ಇಳಿದು ಎಲ್ಲಿಗೆ ಹೋಗಬೇಕಿತ್ತು? ಆವಿಯಾಗುತ್ತಿದ್ದವೇ? ಅರಮನೆ ರಸ್ತೆ, ರೇಸ್‌ಕೋರ್ಸ್ ರಸ್ತೆ, ಶೇಷಾದ್ರಿ ರಸ್ತೆ ಯಾವುದೂ ಒಂದಿಂಚು ಅಗಲವಾಗುತ್ತಿರಲಿಲ್ಲ. ಹೆಬ್ಬಾಳದ ಜಾಮು ವಿಧಾನಸೌಧದ ಹತ್ತಿರಕ್ಕೆ ವರ್ಗವಾಗುತ್ತಿತ್ತು, ಅಷ್ಟೇ.

ಕಥೆ ಅಲ್ಲಿಗೂ ನಿಲ್ಲಲಿಲ್ಲ. 2025ರಲ್ಲಿ ಹೆಬ್ಬಾಳಕ್ಕೆ ಹೊಸ ಲೂಪ್ ಕೂಡಿಸಿದರು. ಅದರ ಕಾಂಕ್ರೀಟು ಆರುವ ಮೊದಲೇ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿಯ ಸುರಂಗ ರಸ್ತೆಯ ಮಾತು ಜೋರಾಯಿತು: ಹತ್ತಿರ ಹತ್ತಿರ 17 ಕಿಲೋಮೀಟರ್ ಉದ್ದ, 17 ಸಾವಿರ ಕೋಟಿ ರೂಪಾಯಿ ದಾಟುವ ಅಂದಾಜು. ಸೇತುವೆ, ಅದರ ತೊಂದರೆ ತೀರಿಸಲು ಎಕ್ಸ್‌ಪ್ರೆಸ್‌ವೇ, ಅದರ ತೊಂದರೆ ತೀರಿಸಲು ಲೂಪ್, ಎಲ್ಲದರ ತೊಂದರೆ ತೀರಿಸಲು ಸುರಂಗ. ಕೈಸಾಲ ತೀರಿಸಲು ಇನ್ನೊಂದು ಕೈಸಾಲ ಎತ್ತುವವನನ್ನು ನಮ್ಮ ಮನೆಯಲ್ಲಾದರೆ ಕೂರಿಸಿ ಬುದ್ಧಿ ಹೇಳುತ್ತೇವೆ.

ಇದು ಬರಿಯ ಹೊಟ್ಟೆಕಿಚ್ಚಿನ ಮಾತಲ್ಲ, ಇದರ ಹಿಂದೆ ಒಂದು ಲೆಕ್ಕವಿದೆ. ರಸ್ತೆ ಅಗಲವಾದಾಗ ಹಳೆಯ ವಾಹನಗಳೇ ಆರಾಮಾಗಿ ಓಡುತ್ತವೆ ಎಂದು ನಾವು ಭಾವಿಸುತ್ತೇವೆ. ಹಾಗಾಗುವುದು ಮೊದಲ ಕೆಲವು ತಿಂಗಳು ಮಾತ್ರ. ಆಮೇಲೆ ಬೆಳಗ್ಗೆ ಆರಕ್ಕೇ ಹೊರಡುತ್ತಿದ್ದವನು ಎಂಟಕ್ಕೆ ಹೊರಡುತ್ತಾನೆ. ಬಸ್ಸಿನಲ್ಲಿ ಹೋಗುತ್ತಿದ್ದವನು ಸಾಲ ಮಾಡಿ ಕಾರು ತೆಗೆಯುತ್ತಾನೆ. ಬಿಲ್ಡರನು ಯಲಹಂಕದಾಚೆ, ಬಾಗಲೂರಿನಾಚೆ ಅಪಾರ್ಟ್‌ಮೆಂಟು ಎಬ್ಬಿಸಿ 'ಸಿಟಿಗೆ ಇಪ್ಪತ್ತೇ ನಿಮಿಷ' ಎಂದು ಹೋರ್ಡಿಂಗ್ ಹಾಕುತ್ತಾನೆ. ಅದನ್ನು ನಂಬಿ ಕೊಂಡವರು ದಿನವೂ ಅದೇ ರಸ್ತೆಗೆ ಇಳಿಯುತ್ತಾರೆ. ಅಮೆರಿಕದ ನಗರಗಳ ಅಂಕಿ ಅಂಶ ಇಟ್ಟುಕೊಂಡು ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದೂ ಇದನ್ನೇ: ಹೆದ್ದಾರಿ ಎಷ್ಟು ಬೆಳೆಯಿತೋ ವಾಹನಗಳ ಓಟವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯಿತು. ಅಲ್ಲಿಯವರೆಗೆ ಯಾಕೆ ಹೋಗಬೇಕು? ನಮ್ಮದೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಆಶಿಶ್ ವರ್ಮಾ ಈ ಸುರಂಗದ ವಿರುದ್ಧ ಬಹಿರಂಗವಾಗಿ ವಾದಿಸುತ್ತ ಬಂದಿದ್ದಾರೆ. ಅವರ ಸಂಸ್ಥೆ ಇರುವುದು ಸದಾಶಿವನಗರದ ಪಕ್ಕದಲ್ಲಿ. ವಿಧಾನಸೌಧಕ್ಕೆ ಬಹಳ ದೂರವೇನಿಲ್ಲ. ಕೇಳುವ ಕಿವಿ ಇರಬೇಕು.

ಸುರಂಗದ ಯೋಜನಾ ವರದಿಯ (ಡಿಪಿಆರ್) ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನ ವಾಹನ ದಟ್ಟಣೆಯ ಲೆಕ್ಕಾಚಾರ ಇರಬೇಕಾದ ಕಡೆ ಮಹಾರಾಷ್ಟ್ರದ ಮಾಲೇಗಾಂವ್, ನಾಸಿಕ್ ಊರುಗಳ ಹೆಸರು ಕಾಣಿಸಿಕೊಂಡದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ಎಸ್ಸೆಸ್ಸೆಲ್ಸಿ ಹುಡುಗ ಪಕ್ಕದವನ ಉತ್ತರ ಹೆಸರು ಸಮೇತ ನಕಲು ಮಾಡಿದರೆ ಡಿಬಾರ್ ಮಾಡುತ್ತೇವೆ. ಇಲ್ಲಿ ಯೋಜನೆ ಮುಂದಕ್ಕೆ ನಡೆಯಿತು. ಲಾಲ್‌ಬಾಗ್‌ನ ಜಾಗದಲ್ಲಿ ಸುರಂಗದ ಬಾಯಿ ತೆರೆಯುವ ಪ್ರಸ್ತಾಪ ಗೊತ್ತಾಗಿ ಜನ ಎದ್ದು ನಿಂತ ಮೇಲೆ, ಬೇರೆ ಜಾಗ ನೋಡುತ್ತೇವೆ ಎಂಬ ಮಾತು ಬಂತು. ಹೈದರಾಲಿಯ ಕಾಲದ ತೋಟ, ಅದರೊಳಗೆ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಇದನ್ನು ಮುಟ್ಟಬಾರದು ಎಂದು ಹೇಳಲು ಜನ ಬೀದಿಗಿಳಿಯಬೇಕಾಯಿತು ಅನ್ನುವುದೇ ಯೋಜನೆ ಮಾಡಿದವರ ಬಗ್ಗೆ ಸಾಕಷ್ಟು ಹೇಳುತ್ತದೆ.

ಹೋಗಲಿ, ಸುರಂಗ ಆಗಿಯೇ ಬಿಟ್ಟಿತು ಎಂದಿಟ್ಟುಕೊಳ್ಳೋಣ. ಯಾರು ಹೋಗುತ್ತಾರೆ ಅದರಲ್ಲಿ? ಪ್ರಸ್ತಾಪದ ಪ್ರಕಾರ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಆಟೋಕ್ಕೂ ಇಲ್ಲ. ಕಾರಿನವರಿಗೆ ಟೋಲ್. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ಆಗಿದೆ. ಅದರಲ್ಲಿ ಹೆಚ್ಚಿನ ಪಾಲು ಸ್ಕೂಟರು, ಬೈಕು. ಅಂದರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು ಕೂರಿಸಿಕೊಂಡ ಟಿವಿಎಸ್, ಊಟದ ಡಬ್ಬಿ ತಲುಪಿಸುವ ಹುಡುಗನ ಬೈಕು, ಮೂರು ಮಕ್ಕಳನ್ನು ಸ್ಕೂಲಿಗೆ ಬಿಡುವ ಆಟೋ, ಇವರೆಲ್ಲ ಮೇಲೆಯೇ. ಸುರಂಗ ಕೊರೆಯುವ ಅಷ್ಟೂ ವರ್ಷ ಬ್ಯಾರಿಕೇಡಿನ ಸಂದಿಯಲ್ಲಿ ನುಸುಳುವವರು ಇವರು, ಲಾರಿ ಎಬ್ಬಿಸಿದ ಧೂಳು ತಿನ್ನುವವರು ಇವರು. ಮುಗಿದ ಮೇಲೆ ಒಳಗೆ ಬಿಡದಿರುವುದೂ ಇವರನ್ನೇ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಹೀಗಿರುವಾಗ 'ಎಲ್ಲರೂ ಸ್ವಲ್ಪ ತಡೆದುಕೊಳ್ಳೋಣ' ಎನ್ನುವ 'ಎಲ್ಲರೂ' ಯಾರು?

ಕಾರಿಲ್ಲದ ಹುಡುಗನಿಗೆ ಈಗ ಹೆಣ್ಣು ಕೊಡುವುದಿಲ್ಲ ಎಂಬರ್ಥದ ಮಾತನ್ನು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಸುರಂಗದ ಸಮರ್ಥನೆಗೆ ಆಡಿದ್ದು ಸುದ್ದಿಯಾಗಿತ್ತು. ನಕ್ಕು ಬಿಡಬಹುದಾದ ಮಾತು. ಆದರೆ ಅದರಲ್ಲೊಂದು ಪ್ರಾಮಾಣಿಕತೆ ಇದೆ: ಈ ಊರನ್ನು ಯಾರಿಗಾಗಿ ಕಟ್ಟುತ್ತಿದ್ದಾರೆ ಎಂಬುದನ್ನು ಯಾವ ಡಿಪಿಆರ್ ಕೂಡ ಇಷ್ಟು ಸ್ಪಷ್ಟವಾಗಿ ಬರೆದಿಲ್ಲ.

'ಸ್ವಲ್ಪ ದಿನ' ಎಂಬುದರ ಅಳತೆ ಬೇಕೆನ್ನುವವರು ಕೋರಮಂಗಲಕ್ಕೆ ಹೋಗಬೇಕು. ಈಜಿಪುರದ ಮೇಲ್ಸೇತುವೆ ಎರಡೂವರೆ ಕಿಲೋಮೀಟರ್ ಇದ್ದೀತು. 2017ರಲ್ಲಿ ಕೆಲಸ ಶುರು, 2019ರಲ್ಲಿ ಮುಗಿಯಬೇಕಿತ್ತು. 2022ರಲ್ಲಿ ಮೊದಲ ಗುತ್ತಿಗೆ ರದ್ದಾಯಿತು. ಇನ್ನೊಬ್ಬ ಗುತ್ತಿಗೆದಾರ ಸಿಕ್ಕಿ ಕೆಲಸ ಮತ್ತೆ ಹಿಡಿಯುವವರೆಗೆ ಕಂಬಗಳು ರಸ್ತೆಯ ನಡುವೆ ಬೋಳಾಗಿ ನಿಂತಿದ್ದವು. ಕಂಬದ ನೆತ್ತಿಯಿಂದ ಹೊರಚಾಚಿದ ಕಬ್ಬಿಣದ ಸರಳುಗಳು ಮಳೆಗೆ ತುಕ್ಕು ಹಿಡಿದು, ಕಾಂಕ್ರೀಟಿನ ಮೈಮೇಲೆ ಕೆಂಪು ಗೆರೆಗಳು ಇಳಿದಿದ್ದವು. ಕಂಬದ ಬುಡದಲ್ಲಿ ಕಸ, ಒಡೆದ ಸಿಂಕು, ಪಾರ್ಕ್ ಮಾಡಿದ ಟೆಂಪೋ. 2025 ಬಂದಾಗಲೂ ಅದರ ಮೇಲೆ ವಾಹನ ಓಡಿರಲಿಲ್ಲ. ಕೆಲಸ ಶುರುವಾದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಆ ಬೀದಿಯ ಮಗು ಆ ಹೊತ್ತಿಗೆ ಹೈಸ್ಕೂಲು ಮುಟ್ಟಿತ್ತು. ಇಡೀ ಬಾಲ್ಯ ಬ್ಯಾರಿಕೇಡಿನ ಪಕ್ಕದಲ್ಲಿ ಕಳೆದ ಮಗುವಿಗೆ 'ತಾತ್ಕಾಲಿಕ ಅಡಚಣೆ' ಎಂದು ಹೇಗೆ ವಿವರಿಸುತ್ತೀರಿ? ಆ ಬೀದಿಯಲ್ಲಿ ಬಾಗಿಲು ಹಾಕಿಕೊಂಡ ಅಂಗಡಿಯವರಿಗೆ ಯಾರೂ ಪರಿಹಾರ ಕೊಟ್ಟದ್ದನ್ನು ನಾನು ಕೇಳಿಲ್ಲ.

ದೊಡ್ಡ ಸೇತುವೆಯ ಮಾತು ಬಿಡಿ, ಒಂದು ಕ್ರಾಸಿನ ಕಥೆಯೂ ಹೀಗೇ. ನಮ್ಮ ಬೀದಿಯ ಡಾಂಬರು ಕಿತ್ತು ವೈಟ್ ಟಾಪಿಂಗ್ ಮಾಡಿದರು. ಒಳ್ಳೆಯ ಕೆಲಸವೇ. ಕಾಂಕ್ರೀಟು ಹಾಕಿ, ಮೇಲೆ ಒದ್ದೆ ಗೋಣಿಚೀಲ ಹಾಸಿ, ದಿನಾ ನೀರು ಹಾಯಿಸಿದರು. ಅಷ್ಟು ದಿನ ಗೇಟಿನ ಮುಂದೆ ಹಲಗೆ ಇಟ್ಟುಕೊಂಡು ದಾಟಿದೆವು; ಎದುರು ಮನೆಯ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಮೊಮ್ಮಗ ಬೀದಿಯ ಕೊನೆಯವರೆಗೆ ಎತ್ತಿಕೊಂಡೇ ನಡೆದ. ಯಾರೂ ಗೊಣಗಲಿಲ್ಲ. ಕೆಲಸ ಮುಗಿದು ಬಿಳಿಯ ಗೆರೆ ಎಳೆದ ಕೆಲವೇ ವಾರಕ್ಕೆ ಒಂದು ಬೆಳಗ್ಗೆ ಕಟರ್ ಮಷಿನ್ ಬಂತು. ಹೊಸ ಕಾಂಕ್ರೀಟಿನ ನಟ್ಟನಡುವೆ ಸ್ಕೇಲಿಟ್ಟಂತೆ ಗೀರಿ, ಬ್ರೇಕರ್‌ನಲ್ಲಿ ಒಡೆದು, ಪೈಪು ಇಳಿಸಿ, ಮೇಲೆ ಮಣ್ಣು ಜಲ್ಲಿ ತುಂಬಿ ಹೊರಟುಹೋದರು. ಮೊದಲ ಮಳೆಗೆ ಆ ಗೆರೆ ಕುಸಿದು ಉದ್ದದ ಹಳ್ಳವಾಯಿತು. ರಸ್ತೆ ಮಾಡಿದವರಿಗೆ ಫೋನು ಮಾಡಿದರೆ "ಅದು ನಮ್ಮದಲ್ಲ ಸಾರ್, ಬೇರೆ ಡಿಪಾರ್ಟ್‌ಮೆಂಟ್" ಎಂದರು. ಪೈಪು ಹಾಕಿದವರನ್ನು ಹಿಡಿದರೆ "ರೋಡ್ ಕಟಿಂಗ್ ದುಡ್ಡು ಕಟ್ಟಿದೀವಿ ಸಾರ್, ರೋಡ್ ಅವರೇ ಮಾಡ್ಬೇಕು" ಎಂದರು. ಇಬ್ಬರ ಮಾತೂ ನಿಜವಿರಬಹುದು. ರಸ್ತೆ ಮಾಡುವವರೂ ಪೈಪು ಹಾಕುವವರೂ ಒಂದು ದಿನ ಒಂದು ಮೇಜಿನ ಸುತ್ತ ಕೂತಿದ್ದರೆ ಸಾಕಿತ್ತು. ಅದು ಸಾಧ್ಯವಾಗದ ಊರಿನಲ್ಲಿ ಹದಿನೇಳು ಕಿಲೋಮೀಟರ್ ಸುರಂಗ ಕೊರೆದು, ಗಾಳಿ ಆಡಿಸಿ, ನೀರು ಎತ್ತಿ, ಬೆಂಕಿ ಬಿದ್ದರೆ ಜನರನ್ನು ಹೊರತರುತ್ತೇವೆ ಎನ್ನುವುದನ್ನು ನಂಬಬೇಕು.

ನೀರು ಎತ್ತುವ ಮಾತು ಸುಮ್ಮನೆ ಆಡಿದ್ದಲ್ಲ. 2023ರ ಮೇ ತಿಂಗಳ ಒಂದು ಮಧ್ಯಾಹ್ನದ ಮಳೆಗೆ ಕೆ.ಆರ್. ವೃತ್ತದ ಅಂಡರ್‌ಪಾಸ್ ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬಳು ಮುಳುಗಿ ತೀರಿಕೊಂಡಳು. ವಿಧಾನಸೌಧಕ್ಕೆ ಕೂಗಳತೆಯ ಜಾಗ. ಸಿಗ್ನಲ್ ತಪ್ಪಿಸಲು ಕಟ್ಟಿದ ಪುಟ್ಟ ಅಂಡರ್‌ಪಾಸಿನಿಂದ ನೀರು ಹೊರಹಾಕಲು ಆಗದವರ ಬಳಿ 'ಸುರಂಗಕ್ಕೆ ನೀರು ನುಗ್ಗಿದರೆ?' ಎಂದು ಕೇಳಿದವನು ಅಭಿವೃದ್ಧಿ ವಿರೋಧಿಯಾದರೆ, ಆಗಲಿ.

ಇಲ್ಲಿ ಎದುರು ವಾದಕ್ಕೆ ನ್ಯಾಯ ಸಲ್ಲಿಸಬೇಕು. "ಮೆಟ್ರೊಗೂ ಹೀಗೇ ತಡೆದುಕೊಂಡಿರಲ್ಲ, ಫಲ ಸಿಗಲಿಲ್ಲವೇ?" ಎಂದು ಕೇಳುತ್ತಾರೆ. ಸಿಕ್ಕಿದೆ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೊರಟ ರೈಲು ಇಂದು ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಓಡುತ್ತದೆ. ನಾನೇ ಅದರಲ್ಲಿ ಓಡಾಡುತ್ತೇನೆ. ಅದರ ಹಾದಿಯಲ್ಲೂ ರಕ್ತ ಚೆಲ್ಲಿದೆ. 2023ರ ಜನವರಿಯಲ್ಲಿ ನಾಗವಾರದ ಹತ್ತಿರ ಕಂಬಕ್ಕೆ ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ, ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗು ಸತ್ತರು. ಅಂಥ ಬೆಲೆ ತೆತ್ತು ಬಂದದ್ದಾದರೂ ಮೆಟ್ರೊ ಒಯ್ಯುವುದು ಜನರನ್ನು, ಖಾಲಿ ಸೀಟುಗಳನ್ನಲ್ಲ. ಒಂದು ರೈಲಿನಲ್ಲಿ ಸಾವಿರಕ್ಕೂ ಮೀರಿ ಜನ ಹಿಡಿಸುತ್ತಾರೆ. ಹೊಸ ಮಾರ್ಗ ಬಂದಷ್ಟೂ ಹಳೆಯ ಮಾರ್ಗದ ಉಪಯೋಗ ಹೆಚ್ಚುತ್ತದೆ. ರಸ್ತೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಹಾಗಾಗಿ ಮೆಟ್ರೊದ ಉದಾಹರಣೆ ಕೊಟ್ಟು ಸುರಂಗ ರಸ್ತೆಯನ್ನು ಸಮರ್ಥಿಸುವುದು ನಡೆಯುವುದಿಲ್ಲ. ಅಷ್ಟಕ್ಕೂ ಆ ಮೆಟ್ರೊವನ್ನಾದರೂ ಆಸ್ಥೆಯಿಂದ ನಡೆಸುತ್ತಿದ್ದೇವೆಯೇ? 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ಕೊನೆಗೂ ತೆರೆದಾಗ 19 ಕಿಲೋಮೀಟರಿಗೆ ಇದ್ದದ್ದು ಮೂರು ರೈಲು. ಕಂಬ, ನಿಲ್ದಾಣ, ಎಸ್ಕಲೇಟರ್ ಎಲ್ಲ ಸಿದ್ಧವಿತ್ತು, ರೈಲು ಇರಲಿಲ್ಲ. ಉಪನಗರ ರೈಲಿಗೆ 2022ರಲ್ಲಿ ಪ್ರಧಾನಿಯೇ ಬಂದು ಅಡಿಗಲ್ಲು ಹಾಕಿದರು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗಕ್ಕೂ ಹೂವಿನ ಹೆಸರಿಟ್ಟರು. ಹೂವು ಇನ್ನೂ ಮೊಗ್ಗಿಗೇ ಬಂದಿಲ್ಲ.

ಹಾಗಾದರೆ ಏನು ಬೇಕು ನಿನಗೆ ಎಂದು ಕೇಳುತ್ತಾರೆ. ಹೊಸದೇನೂ ಬೇಡ. ಬಿಎಂಟಿಸಿ ಬಸ್ಸು ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುತ್ತದೆ, ಮೆಟ್ರೊಗಿಂತ ಎಷ್ಟೋ ಪಾಲು ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಬಸ್ಸಿನಲ್ಲಿ ನಿಲ್ಲಲು ಜಾಗವೂ ತಪ್ಪಿತು. ಇರುವುದು ಏಳು ಸಾವಿರದ ಆಸುಪಾಸು ಬಸ್ಸು. ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿ ಎಂದು ಧಾರಾಳವಾಗಿ ಹಿಡಿದರೂ ಸುರಂಗದ ದುಡ್ಡಿಗೆ 11 ಸಾವಿರ ಬಸ್ಸು ಬರುತ್ತವೆ. ಡ್ರೈವರು, ಡಿಪೊ, ರಿಪೇರಿ ಖರ್ಚು ಬೇರೆ ಇದೆ, ಗೊತ್ತು. ಅದನ್ನು ಕಳೆದು ಅರ್ಧವೇ ಕೊಂಡರೂ ಈ ಊರಿನ ಮುಖ ಬದಲಾಗುತ್ತದೆ. ಸುರಂಗಕ್ಕೆ ಹೆಚ್ಚಿನ ಹಣ ಖಾಸಗಿಯವರು ಹಾಕುತ್ತಾರಲ್ಲ, ಸರ್ಕಾರದ್ದು ಒಂದು ಪಾಲು ಮಾತ್ರ ಎನ್ನುವ ಸಮಾಧಾನವೂ ಉಂಟು. ಖಾಸಗಿಯವರು ಧರ್ಮಕ್ಕೆ ಹಾಕುವುದಿಲ್ಲ. ಹಾಕಿದ್ದನ್ನು ಟೋಲ್‌ಗೇಟಿನಲ್ಲಿ ವರ್ಷಾನುಗಟ್ಟಲೆ ನಮ್ಮ ಜೇಬಿನಿಂದಲೇ ಎಣಿಸಿಕೊಳ್ಳುತ್ತಾರೆ.

ಮತ್ತೆ ಫುಟ್‌ಪಾತ್. ಈ ಊರಿನಲ್ಲಿ ಪ್ರತಿ ಬಸ್ ಪ್ರಯಾಣವೂ, ಪ್ರತಿ ಮೆಟ್ರೊ ಪ್ರಯಾಣವೂ ನಡಿಗೆಯಲ್ಲಿ ಶುರುವಾಗಿ ನಡಿಗೆಯಲ್ಲಿ ಮುಗಿಯುತ್ತದೆ. ಆ ನಡಿಗೆಗೆ ಕೊಟ್ಟಿರುವುದು ಮೋರಿಯ ಮೇಲಿನ ಅಲ್ಲಾಡುವ ಚಪ್ಪಡಿ, ಟ್ರಾನ್ಸ್‌ಫಾರ್ಮರು, ಅಂಗಡಿಯ ಮೆಟ್ಟಿಲು, ಜಾಮು ತಪ್ಪಿಸಲು ಹತ್ತಿ ಬರುವ ಬೈಕು. ಟೆಂಡರ್‌ಶೂರ್ ಹೆಸರಿನಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯಂಥ ಕೆಲವು ಬೀದಿಗಳನ್ನು ಹತ್ತು ವರ್ಷದ ಕೆಳಗೇ ಅಗಲವಾದ ಫುಟ್‌ಪಾತ್ ಕೊಟ್ಟು, ಕೇಬಲ್ಲು ಪೈಪುಗಳನ್ನು ಅದರಡಿ ಸೇರಿಸಿ ಕಟ್ಟಿದರು. ಬೆಂಗಳೂರಿನ ಎಂಜಿನಿಯರಿಗೆ ಕೆಲಸ ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಊರ ನಡುವಿನ ಬೀದಿಗಳಿಗೆ ಸಿಕ್ಕಿದ್ದು ಲಗ್ಗೆರೆಗೆ, ಬೊಮ್ಮನಹಳ್ಳಿಗೆ ಯಾಕೆ ಬರಲಿಲ್ಲ? ಫುಟ್‌ಪಾತಿನ ಮುಂದೆ ನಿಂತು ರಿಬ್ಬನ್ ಕತ್ತರಿಸಿದರೆ ಫೋಟೊ ಚೆನ್ನಾಗಿ ಬರುವುದಿಲ್ಲ. ಅದರ ಟೆಂಡರೂ ಚಿಕ್ಕದು.

ಬಸ್ಸಿಗೆಂದೇ ಒಂದು ಪಥ ಮಾಡಿ ನೋಡಿದ್ದೂ ಉಂಟು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ ಕಂಬ ನೆಟ್ಟು ಒಂದು ಪಥವನ್ನು ಬಸ್ಸಿಗೆ ಬಿಟ್ಟರು. ಪಕ್ಕದಲ್ಲಿ ಕಾರುಗಳು ತೆವಳುತ್ತಿರುವಾಗ ಬಸ್ಸು ಸೀದಾ ಹೋಗುತ್ತಿತ್ತು. ಕಿಟಕಿಯಿಂದ ಅದನ್ನು ನೋಡಿದವರಿಗೆ ಒಂದು ಬಗೆಯ ಖುಷಿ, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೊರೋನಾ ಬಂತು, ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂತು, ಬಸ್ ಪಥ ಹೇಳಹೆಸರಿಲ್ಲದೆ ಹೋಯಿತು. ಮೆಟ್ರೊ ಕಂಬಗಳ ಕೆಲಸ ಮುಗಿದ ಕಡೆಯೆಲ್ಲ ಆ ರಸ್ತೆಯನ್ನು ಹೇಗೂ ಹೊಸದಾಗಿ ಮಾಡಲೇಬೇಕು. ಬಣ್ಣ ಬಳಿದು ಒಂದು ಪಥವನ್ನು ಬಸ್ಸಿಗೆ ವಾಪಸು ಕೊಡಲು ವಿದೇಶಿ ಸಾಲ ಬೇಡ, ಟೋಲ್ ಬೇಡ, ಮರ ಕಡಿಯುವುದು ಬೇಡ.

ಇದನ್ನು ಯಾರಿಗೆ ಹೇಳುವುದು? ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷ ಆಡಳಿತಾಧಿಕಾರಿಗಳೇ ಊರು ನಡೆಸಿದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನು ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಮಾಡಿದರು; ಅವು ಹುಟ್ಟಿದ ದಿನ ಐದರಲ್ಲೂ ಒಬ್ಬನೇ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ. 17 ಸಾವಿರ ಕೋಟಿಯ ರಸ್ತೆಯ ವರದಿ ಸಿದ್ಧವಾದದ್ದು, ಲಾಲ್‌ಬಾಗ್‌ನ ಮೇಲೆ ಗುರುತು ಬಿದ್ದದ್ದು ಕಾರ್ಪೊರೇಟರೇ ಇಲ್ಲದ ಈ ಕಾಲದಲ್ಲಿ. ಹಿಂದಿನ ಕಾರ್ಪೊರೇಟರುಗಳು ದೇವತೆಗಳಾಗಿರಲಿಲ್ಲ. ಆದರೆ ಚರಂಡಿ ಕಟ್ಟಿಕೊಂಡಾಗ ಮನೆ ಬಾಗಿಲು ತಟ್ಟಿ ಬೈಯಲು ಒಬ್ಬ ಮನುಷ್ಯ ಇದ್ದ, ಮುಂದಿನ ಸಲ ವೋಟು ಕೇಳಲು ಅವನು ನಮ್ಮ ಗೇಟಿಗೇ ಬರಬೇಕಿತ್ತು. ಸುರಂಗದ ಟೆಂಡರಿಗೆ ತೋರಿಸಿದ ಅವಸರವನ್ನು ವಾರ್ಡ್ ಚುನಾವಣೆಗೆ ತೋರಿಸಿದ್ದರೆ ನಮ್ಮ ಕ್ರಾಸಿನ ಹಳ್ಳದ ಬಗ್ಗೆ ನಾನು ಪತ್ರಿಕೆಯಲ್ಲಿ ಬರೆಯಬೇಕಿರಲಿಲ್ಲ.